ಒಂದೇ ಕಾಯಿಲೆಯಿಂದ ಎದ್ದ ಇಬ್ಬರು: ನಂಟು ಇರಲಿ, ತಿಂಗಳ ಲೆಕ್ಕ ಬೇಡ

ಪ್ರಶ್ನೆ: ನನಗೆ 36 ವರ್ಷ. ಹನುಮಂತನಗರದಲ್ಲಿ ಮನೆ, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಏಳು ತಿಂಗಳ ಹಿಂದೆ ಭೇದಿಯಾಯಿತು. ಅದು ನಿಂತು ಹತ್ತು ದಿನಕ್ಕೆ ಕಾಲು ಸೋತವು, ಆಮೇಲೆ ಕೈ, ಆಮೇಲೆ ಉಸಿರು. ಜಿಬಿಎಸ್, ಅಂದರೆ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ ಎಂದರು. ಮೂರು ವಾರ ವೆಂಟಿಲೇಟರ್, ಉಸಿರಿಗೆಂದು ಕುತ್ತಿಗೆಯಲ್ಲಿ ತೂತು, ಅಂದರೆ ಟ್ರಕಿಯಾಸ್ಟಮಿ. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತೇನೆ, ಪಾದ ಮಾತ್ರ ಮೇಲೆತ್ತಲು ಬರುವುದಿಲ್ಲ. ಫಿಸಿಯೋಥೆರಪಿಗೆ ಹೋಗುವಲ್ಲಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುವ ಒಬ್ಬರು ಪರಿಚಯವಾದರು. 55 ವರ್ಷ. ಎರಡು ವರ್ಷದ ಹಿಂದೆ ಅವರಿಗೂ ಇದೇ ಕಾಯಿಲೆ, ಅವರೂ ವೆಂಟಿಲೇಟರಿನಲ್ಲಿದ್ದರು. ಅಣ್ಣ ಎಂದೇ ಕರೆಯುತ್ತೇನೆ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಒಡಹುಟ್ಟಿದವರಿಗೂ ಯಜಮಾನರಿಗೂ ಹೇಳಲಾಗದ್ದು ಅವರಿಗೆ ಹೇಳದೆಯೇ ಅರ್ಥವಾಗುತ್ತದೆ. ಅತ್ತೆ 'ಮತ್ತೆ ಮತ್ತೆ ಅದೇ ರೋಗದ ಮಾತು ಯಾಕೆ' ಅಂತಾರೆ. ಯಜಮಾನರು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಬೇಜಾರು ಮಾಡಿಕೊಂಡಿದ್ದಾರೆ. ಅಣ್ಣ ನಾಲ್ಕನೇ ತಿಂಗಳಿಗೇ ಕೋಲಿಲ್ಲದೆ ನಡೆದರಂತೆ. ಕೆಲವು ದಿನ ಫೋನ್ ಇಟ್ಟ ಮೇಲೆ ಅಳು ಬರುತ್ತದೆ. ನನಗೆ ಕೊಟ್ಟ ಇಂಜೆಕ್ಷನ್‌ಗಿಂತ ಅವರಿಗೆ ಮಾಡಿದ ಪ್ಲಾಸ್ಮಾ ಒಳ್ಳೆಯದು, ಇನ್ನು ಮೇಲೆ ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳಬೇಡ ಎಂದೂ ಹೇಳಿದ್ದಾರೆ. ಈಗ ಐಸಿಯುನಲ್ಲಿರುವ 22 ವರ್ಷದ ಹುಡುಗನೊಬ್ಬನನ್ನು ನೋಡಲು ಇಬ್ಬರೂ ಹೋಗೋಣ ಅನ್ನುತ್ತಿದ್ದಾರೆ. ಈ ಸ್ನೇಹ ನನಗೆ ಒಳ್ಳೆಯದೋ ಕೆಟ್ಟದ್ದೋ? ಹೋದರೆ ಏನು ಮಾತಾಡಲಿ?

ಉತ್ತರ: ಸ್ನೇಹ ಒಳ್ಳೆಯದು, ಬಿಡಬೇಡಿ. ನಿಮ್ಮನ್ನು ಅಳಿಸುತ್ತಿರುವುದು ಸ್ನೇಹವಲ್ಲ, ಅವರ ನಾಲ್ಕು ತಿಂಗಳನ್ನು ನಿಮ್ಮ ಏಳು ತಿಂಗಳ ಪಕ್ಕದಲ್ಲಿಟ್ಟು ಕಳೆಯುವ ಲೆಕ್ಕ. ಆ ಲೆಕ್ಕ ಮೊದಲಿಗೇ ತಪ್ಪು. ಏಕೆಂದು ನಿಮ್ಮ ಡಿಸ್ಚಾರ್ಜ್ ಸಮ್ಮರಿಯೇ ಹೇಳುತ್ತದೆ. ಅದರಲ್ಲಿ ನರ್ವ್ ಕಂಡಕ್ಷನ್, ಅಂದರೆ ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂದು ನೋಡುವ ಪರೀಕ್ಷೆಯ ಸಾಲು ಹುಡುಕಿ. 'ಡಿಮೈಲಿನೇಟಿಂಗ್' ಎಂದಿದೆಯೋ 'ಆಕ್ಸಾನಲ್' ಎಂದಿದೆಯೋ ನೋಡಿ. ಅಣ್ಣನ ಕಾಗದದಲ್ಲೂ ಅದೇ ಸಾಲು ಓದಿಸಿ.

ಜಿಬಿಎಸ್ ಎಂಬ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಬಗೆಯ ಕಾಯಿಲೆಗಳಿವೆ. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತವೆ. ಅಲ್ಲಿಯವರೆಗೆ ಎಲ್ಲ ಬಗೆಗೂ ಕಥೆ ಒಂದೇ. ನರವನ್ನು ಕರೆಂಟ್ ವೈರು ಎಂದುಕೊಂಡರೆ, ಒಂದು ಬಗೆಯಲ್ಲಿ ಪೆಟ್ಟು ಬೀಳುವುದು ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ, ಇನ್ನೊಂದರಲ್ಲಿ ಒಳಗಿನ ತಾಮ್ರದ ಎಳೆಗೆ. ಹೊದಿಕೆ, ಅಂದರೆ ಮೈಲಿನ್, ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಬೆಳೆದು ಕೂಡುತ್ತದೆ. ಒಳ ಎಳೆ, ಅಂದರೆ ಆಕ್ಸಾನ್, ನಿಜವಾಗಿ ಕಡಿದುಹೋಗಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯಬೇಕು. ಗಣಿತದ ಟೀಚರಿಗೆ ನಾನು ಲೆಕ್ಕ ಹೇಳಿಕೊಡಬೇಕಿಲ್ಲ: ವರ್ಷಕ್ಕೆ ಸುಮಾರು 36 ಸೆಂಟಿಮೀಟರ್. ಬೆನ್ನುಹುರಿಯಿಂದ ಪಾದದ ಸಣ್ಣ ಸ್ನಾಯುಗಳವರೆಗಿನ ದಾರಿ ಹೆಚ್ಚುಕಡಿಮೆ ಒಂದು ಮೀಟರ್. ಅದೃಷ್ಟಕ್ಕೆ ಇಡೀ ದಾರಿ ಬೆಳೆಯಲೇಬೇಕು ಎಂದಿಲ್ಲ. ಹಲವರಲ್ಲಿ ಎಳೆ ಕೆಟ್ಟಿರುವುದು ತುದಿಯಲ್ಲಿ ಮಾತ್ರ. ಜೊತೆಗೆ, ಉಳಿದುಕೊಂಡ ಎಳೆಗಳು ಕವಲೊಡೆದು ಅನಾಥವಾದ ಸ್ನಾಯುತಂತುಗಳನ್ನೂ ತಮ್ಮ ಕೈಗೆ ತೆಗೆದುಕೊಳ್ಳುತ್ತವೆ. ಆದ್ದರಿಂದ ಆಕ್ಸಾನಲ್ ಬಗೆಯವರಲ್ಲೂ ಕೆಲವರು ಬೇಗ ಎದ್ದುಬಿಡುತ್ತಾರೆ, ಕೆಲವರಿಗೆ ಎರಡು ಮೂರು ವರ್ಷ ಹಿಡಿಯುತ್ತದೆ. ನಿಮಗೆ ಸೊಂಟ, ಮಂಡಿ ಬಂದಿವೆ, ಪಾದ ಬಂದಿಲ್ಲ. ನರ ಮೇಲಿನಿಂದ ಕೆಳಕ್ಕೆ ಬೆಳೆಯುವುದರಿಂದ ಗುಣವಾಗುವ ಕ್ರಮವೇ ಅದು. ಅದನ್ನು ನೀವು ಹಿಂದುಳಿದದ್ದಕ್ಕೆ ಗುರುತೆಂದು ಓದಬೇಡಿ.

ಜಿಬಿಎಸ್ ಆದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಆರು ತಿಂಗಳಿಗೆ ಆಸರೆಯಿಲ್ಲದೆ ನಡೆಯುತ್ತಾರೆ ಎಂಬ ಅಂಕಿಯನ್ನು ನೀವೂ ಎಲ್ಲೋ ಓದಿರಬಹುದು. ಅದು ಎಲ್ಲ ರೋಗಿಗಳನ್ನೂ ಕೂಡಿಸಿದ ಲೆಕ್ಕ. ಅದರಲ್ಲಿ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಮನೆಗೆ ಹೋದವರೂ ಇದ್ದಾರೆ. ವೆಂಟಿಲೇಟರ್ ಬೇಕಾಗುವುದು ನಾಲ್ಕೈದು ಜನರಲ್ಲಿ ಒಬ್ಬರಿಗೆ, ಆ ಗುಂಪಿನ ಗಡಿಯಾರವೇ ಬೇರೆ. ಮೊದಲೇ ಅಂದಾಜು ಮಾಡಲು ವೈದ್ಯರು ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ: ವಯಸ್ಸು, ಕಾಯಿಲೆಗೆ ಮುಂಚೆ ಭೇದಿ ಆಗಿತ್ತೇ ಎಂಬುದು, ದಾಖಲಾದ ಮೊದಲೆರಡು ವಾರದಲ್ಲಿ ಕೈಕಾಲು ಎಷ್ಟು ಸೋತಿದ್ದವು ಎಂಬುದು. ವಯಸ್ಸು ನಿಮ್ಮ ಕಡೆಗಿದೆ, ಭೇದಿ ನಿಮ್ಮ ವಿರುದ್ಧ. ಭೇದಿಗೆ ಕಾರಣವಾಗುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಬೆನ್ನಿಗೆ ಬರುವ ಜಿಬಿಎಸ್ ಹೆಚ್ಚಾಗಿ ಆಕ್ಸಾನಲ್ ಬಗೆಯದು. ಅಣ್ಣನಿಗೆ ಮೊದಲು ಏನಾಗಿತ್ತು, ಬರಿ ನೆಗಡಿ ಕೆಮ್ಮೇ, ಕೇಳಿ ನೋಡಿ.

ಹೋಲಿಸಲೇಬೇಕೆಂದಿದ್ದರೆ ಹಿಂದಿನ ತಿಂಗಳ ನಿಮ್ಮ ಜೊತೆಗೇ ಹೋಲಿಸಿಕೊಳ್ಳಿ. ಅದಕ್ಕೊಂದು ನೋಟ್‌ಬುಕ್ ಸಾಕು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಪಾದರಕ್ಷೆಯಲ್ಲಿ ಮೂರು ಅಳತೆ ಬರೆದಿಡಿ. ಮನೆಯಲ್ಲಿ 10 ಮೀಟರ್ ಗುರುತು ಮಾಡಿ, ನಡೆಯಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದು ಒಂದು. ಜಾಗ ಸಾಲದಿದ್ದರೆ 5 ಮೀಟರ್ ಹೋಗಿ ತಿರುಗಿ ಬನ್ನಿ, ಆದರೆ ಪ್ರತಿಸಲ ಅದನ್ನೇ ಮಾಡಿ. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ, ಕೈ ಊರಿಯೋ ಊರದೆಯೋ ಎಂಬುದು ಎರಡು. ಹಿಮ್ಮಡಿ ನೆಲದ ಮೇಲಿಟ್ಟು ಹೆಬ್ಬೆರಳ ತುದಿ ಎಷ್ಟು ಮೇಲೆ ಬಂತು ಎಂಬುದು ಮೂರು. ಇದಕ್ಕೆ ಪಕ್ಕದಲ್ಲಿ ಸ್ಕೇಲು ಹಿಡಿದು ನೋಡಲು ಯಜಮಾನರನ್ನು ಕೂರಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಬಳಸುವ ಜಿಬಿಎಸ್ ಅಂಕಪಟ್ಟಿ ಇದಕ್ಕಿಂತ ಒರಟು. ಅದರಲ್ಲಿ ವೆಂಟಿಲೇಟರಿನಲ್ಲಿದ್ದರೆ 5, ಹಾಸಿಗೆ ಅಥವಾ ಕುರ್ಚಿ ಬಿಟ್ಟು ಏಳಲಾಗದಿದ್ದರೆ 4, ಆಸರೆ ಹಿಡಿದು 10 ಮೀಟರ್ ನಡೆದರೆ 3, ಆಸರೆಯಿಲ್ಲದೆ ನಡೆದರೂ ಓಡಲು ಬಾರದಿದ್ದರೆ 2. ಏಳು ತಿಂಗಳಲ್ಲಿ ನೀವು 5ರಿಂದ 3ಕ್ಕೆ ಇಳಿದಿದ್ದೀರಿ. ಇದೊಂದು ಪರೀಕ್ಷೆಯಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು.

ಇನ್ನು, ಅಣ್ಣನಿಗೆ ಹೇಳದೆಯೇ ಅರ್ಥವಾಗುವುದು ಏಕೆ ಎಂಬುದು. ಜಿಬಿಎಸ್ ಮಿದುಳನ್ನು ಮುಟ್ಟುವುದಿಲ್ಲ. ವೆಂಟಿಲೇಟರ್ ಹಾಕಿದ ಬೇರೆ ಬಹಳ ರೋಗಿಗಳಿಗೆ ಆ ದಿನಗಳು ಮಸುಕು. ನಿಮಗೆ ಹಾಗಲ್ಲ. ನಿದ್ದೆಯ ಔಷಧ ಕಡಿಮೆ ಮಾಡಿದ ಮೇಲೆ ಎಲ್ಲ ಕೇಳಿಸುತ್ತಿರುತ್ತದೆ, ಬೆರಳೊಂದನ್ನೂ ಎತ್ತಲಾಗದು, ಸದ್ದು ಹೊರಡದು. ಕಫ ಎಳೆಯುವ ನಳಿಕೆ ಒಳಗೆ ಹೋದಾಗಿನ ಉಸಿರುಗಟ್ಟು, ಒಣಗಿದ ನಾಲಿಗೆ, ಹಾಸಿಗೆಯ ಪಕ್ಕದಲ್ಲೇ ನಿಂತು ನಿಮ್ಮ ಬಗ್ಗೆ ಆಡಿದ ಮಾತು. ಇವುಗಳ ಜೊತೆ ನಿದ್ದೆಗೆಟ್ಟ ಮನಸ್ಸು ಕಟ್ಟಿದ ಚಿತ್ರವಿಚಿತ್ರ ಕನಸುಗಳೂ ಸೇರಿಕೊಂಡಿರುತ್ತವೆ. ಎಷ್ಟೋ ಜನ ಹುಚ್ಚು ಅಂದುಕೊಂಡಾರು ಎಂಬ ಭಯಕ್ಕೆ ಅವನ್ನು ಯಾರಿಗೂ ಹೇಳುವುದಿಲ್ಲ. ಇದನ್ನೆಲ್ಲ ಒಳಗಿಂದ ಕಂಡ ಇನ್ನೊಬ್ಬರು ಸಿಕ್ಕಾಗ ಹತ್ತಿರದವರೆನಿಸುವುದು ಸಹಜ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಪುಣೆಯಲ್ಲಿ 2025ರ ಜನವರಿಯಲ್ಲಿ ಒಟ್ಟೊಟ್ಟಿಗೆ ಹಲವರಿಗೆ ಬಂದು ಸುದ್ದಿಯಾಗುವವರೆಗೆ ಇದರ ಹೆಸರು ಕೇಳಿದವರೂ ಕಡಿಮೆ. ಬೆಂಗಳೂರಿನಂಥ ಊರಿನಲ್ಲೂ ನಿಮ್ಮ ಬೀದಿಯಲ್ಲಿ ಇನ್ನೊಬ್ಬರು ಸಿಗುವುದಿಲ್ಲ. ಅಮೆರಿಕದಲ್ಲಿ 1980ರಲ್ಲಿ ರಾಬರ್ಟ್ ಮತ್ತು ಎಸ್ಟೆಲ್ ಬೆನ್ಸನ್ ದಂಪತಿ ಜಿಬಿಎಸ್ ರೋಗಿಗಳ ಸಂಘ ಕಟ್ಟಿದ್ದೂ ಇದೇ ಒಂಟಿತನಕ್ಕೆ. ಆ ಗಂಡನಿಗೆ ಇದೇ ಕಾಯಿಲೆಯಾಗಿತ್ತು. ಗುಣವಾದವರು ಹೊಸ ರೋಗಿಯನ್ನು ಭೇಟಿ ಮಾಡುವುದು ಇಂದಿಗೂ ಆ ಸಂಘದ ಮುಖ್ಯ ಕೆಲಸಗಳಲ್ಲೊಂದು.

ಹಾಗಾದರೆ ಯಜಮಾನರಿಗೆ ಏಕೆ ಅರ್ಥವಾಗುವುದಿಲ್ಲ? ಅವರು ಇನ್ನೊಂದು ಕಾಯಿಲೆ ಕಂಡಿದ್ದಾರೆ. ನೀವು ಸೀಲಿಂಗ್ ನೋಡುತ್ತ ಮಲಗಿದ್ದ ಹೊತ್ತಿನಲ್ಲಿ ಅವರು ಐಸಿಯು ಬಾಗಿಲ ಹೊರಗಿದ್ದರು. ಟ್ರಕಿಯಾಸ್ಟಮಿಗೆ ಸಹಿ ಹಾಕಿದ್ದು, ದುಡ್ಡು ಹೊಂದಿಸಿದ್ದು, ರಾತ್ರಿ ಫೋನ್ ಬಂದರೆ ಎದೆ ಧಸಕ್ಕೆಂದಿದ್ದು ಅವರ ಕಾಯಿಲೆ. ರೋಗಿಗೆ ಮಾತ್ರವಲ್ಲ, ಮನೆಯವರಿಗೂ ತಿಂಗಳುಗಟ್ಟಲೆ ನಿದ್ದೆಗೇಡು, ಆತಂಕ, ಖಿನ್ನತೆ ಉಳಿಯಬಹುದು ಎಂಬುದು ಈಗ ಐಸಿಯು ವೈದ್ಯರೆಲ್ಲ ಒಪ್ಪಿದ ಮಾತು. ಅವರ ಬೇಜಾರನ್ನು ಹೊಟ್ಟೆಕಿಚ್ಚು ಎಂದುಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಡಿಸ್ಚಾರ್ಜ್ ಸಮ್ಮರಿ ಮುಂದಿಟ್ಟುಕೊಂಡು ಒಂದು ಉದ್ದನೆ ಹಾಳೆಯಲ್ಲಿ ದಿನಾಂಕಗಳನ್ನು ಕೆಳಗೆ ಕೆಳಗೆ ಬರೆಯಿರಿ: ದಾಖಲಾದದ್ದು, ನಳಿಕೆ ಹಾಕಿದ್ದು, ಕುತ್ತಿಗೆಯ ತೂತು, ವೆಂಟಿಲೇಟರ್ ತೆಗೆದದ್ದು, ವಾರ್ಡಿಗೆ ಬಂದದ್ದು. ಎಡಗಡೆ ನಿಮಗೆ ಆ ದಿನ ನೆನಪಿರುವುದು, ಬಲಗಡೆ ಅವರು ಕಂಡದ್ದು. ಒಂದೇ ಸಲಕ್ಕೆ ಮುಗಿಸಬೇಡಿ, ದಿನಕ್ಕೆ ಅರ್ಧ ಗಂಟೆ ಸಾಕು. ಯುರೋಪಿನ ಹಲವು ಐಸಿಯುಗಳಲ್ಲಿ ನರ್ಸ್‌ಗಳೂ ಮನೆಯವರೂ ಇಂಥ ದಿನಚರಿ ಬರೆದಿಟ್ಟು, ಆಮೇಲೆ ರೋಗಿಗೆ ಕೊಡುತ್ತಾರೆ. ನೆನಪಿನ ತೂತುಗಳನ್ನು ಕನಸು ತುಂಬುವ ಬದಲು ನಡೆದದ್ದು ತುಂಬಲಿ ಎಂಬುದು ಉದ್ದೇಶ. ಅತ್ತೆಯವರ ಪ್ರಶ್ನೆಗೂ ಈ ಹಾಳೆಯೇ ಉತ್ತರ: ಮಾತು ಮತ್ತೆ ಮತ್ತೆ ಬರುತ್ತಿರುವುದು ಅದು ಇನ್ನೂ ಒಂದು ಕ್ರಮಕ್ಕೆ ಕೂತಿಲ್ಲವಾದ್ದರಿಂದ. ಅಣ್ಣನನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ. ಅವರ ಮನೆಯವರೂ ಬರಲಿ. ನಿಮ್ಮ ಯಜಮಾನರಿಗೆ ನಿಜವಾಗಿ ಬೇಕಾದ ಜೊತೆ ಅಣ್ಣನ ಹೆಂಡತಿ. ಐಸಿಯು ಬಾಗಿಲ ಹೊರಗೆ ಕಾದವರು ಅವರು.

ಅಣ್ಣನಿಂದ ಏನು ಪಡೆಯಬೇಕು? ವೈದ್ಯರ ಬಳಿ ಸಿಗದ ಎಲ್ಲವನ್ನೂ. ವಾಕರ್‌ನಿಂದ ಕೋಲಿಗೆ ಬರುವಾಗ ಸಮತೋಲ ಹೇಗಿತ್ತು, ಮಾರ್ಕೆಟ್ಟಿನಲ್ಲಿ ನೂಕುವ ಜನರ ನಡುವೆ ಹೇಗೆ ನಿಂತರು, ಯಾವ ಮೆಟ್ರೋ ನಿಲ್ದಾಣದ ಲಿಫ್ಟ್ ರಸ್ತೆಗೆ ಹತ್ತಿರ, ಚಪ್ಪಡಿ ಎದ್ದ ಫುಟ್‌ಪಾತ್ ಬಿಟ್ಟು ಯಾವ ಬೀದಿ ಹಿಡಿಯಬೇಕು. ಪಾದ ಇಳಿಬೀಳುವವರು ಹಾಕುವ ಎಎಫ್ಒ ಸ್ಪ್ಲಿಂಟ್ ಹಾಕಿಕೊಂಡರೆ ಯಾವ ನಮೂನೆಯ ಚಪ್ಪಲಿ ಹಿಡಿಯುತ್ತದೆ ಎಂಬುದು ಹಾಕಿದವರಿಗೇ ಗೊತ್ತು: ಹಿಂದೆ ಪಟ್ಟಿ ಇರುವ, ಬಾಯಿ ಅಗಲವಿರುವ, ಎಂದಿಗಿಂತ ಒಂದು ಸೈಜ್ ದೊಡ್ಡದು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂದು ಫಿಸಿಯೋಥೆರಪಿಸ್ಟ್ ಹೇಳಿರುತ್ತಾರೆ. ಕೈಯಲ್ಲಿ ಚೀಲ ಇದ್ದಾಗ, ಮೆಟ್ಟಿಲಿಗೆ ಕಂಬಿಯೇ ಇಲ್ಲದ ಮದುವೆ ಛತ್ರದಲ್ಲಿ, ಏನು ಮಾಡಬೇಕೆಂದು ಅಣ್ಣ ಹೇಳಬಲ್ಲರು. ಬಿಸಿನೀರಿನ ಸ್ನಾನವಾದ ಮೇಲೆ ಕೈಕಾಲು ಬಿದ್ದುಹೋದಂತಾಗುವುದು, ಪಾದಕ್ಕೆ ಸ್ಪರ್ಶ ಮಂದವಿದ್ದರೆ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕಾದದ್ದು, ಇವೂ ಆ ಪಟ್ಟಿಗೆ.

ಮುಖ್ಯವಾಗಿ ಸುಸ್ತಿನ ಬಗ್ಗೆ ಕೇಳಿ. ಕೈಕಾಲಿಗೆ ಬಲ ಬಂದಮೇಲೂ ವರ್ಷಗಟ್ಟಲೆ ಉಳಿಯುವ ಈ ದಣಿವು ಜಿಬಿಎಸ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಅಣ್ಣನನ್ನು ನೋಡಿದರೆ ಪೂರ್ತಿ ಗುಣವಾದಂತೆ ಕಾಣಬಹುದು. ಮಧ್ಯಾಹ್ನ ಎರಡು ಗಂಟೆಗೆ ಹೇಗಿರುತ್ತೀರಿ ಎಂದು ಕೇಳಿದರೆ ಬೇರೆ ಉತ್ತರ ಬಂದೀತು. ಯಶಸ್ಸಿನ ಕಥೆ ಮಾತ್ರ ಕೇಳಿ ಫೋನ್ ಇಟ್ಟರೆ ಅಳು ಬರುತ್ತದೆ, ಈ ಭಾಗವನ್ನೂ ಕೇಳಿದ ದಿನ ಅಷ್ಟು ಬರಲಾರದು.

ಪಡೆಯಬಾರದ್ದು ನಾಲ್ಕು: ಔಷಧ, ವ್ಯಾಯಾಮದ ಪ್ರಮಾಣ, ಸ್ಪ್ಲಿಂಟ್, ಹಿಂದಿನ ಚಿಕಿತ್ಸೆಯ ಬಗ್ಗೆ ತೀರ್ಪು.

ತೀರ್ಪಿನಿಂದಲೇ ಶುರುಮಾಡುತ್ತೇನೆ, ನಿಮ್ಮ ಮನಸ್ಸಿಗೆ ಚುಚ್ಚಿರುವುದು ಅದು. ನಿಮಗೆ ಕೊಟ್ಟ ಇಂಜೆಕ್ಷನ್ ಐವಿಐಜಿ ಇರಬೇಕು, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವ ಔಷಧ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.4 ಗ್ರಾಂನಂತೆ ಐದು ದಿನ, ಅಂದರೆ 60 ಕಿಲೋ ತೂಕದವರಿಗೆ ಒಟ್ಟು 120 ಗ್ರಾಂ. ಅಣ್ಣನಿಗೆ ಮಾಡಿದ್ದು ಪ್ಲಾಸ್ಮಾ ಎಕ್ಸ್‌ಚೇಂಜ್, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು, ಎರಡು ವಾರದೊಳಗೆ ಸಾಮಾನ್ಯವಾಗಿ ಐದು ಸಲ. ಎರಡರ ಫಲವೂ ಒಂದೇ ಎಂದು ದೊಡ್ಡ ಪರೀಕ್ಷೆಗಳಲ್ಲಿ ಹಲವು ಸಲ ಕಂಡಿದೆ. ಯಾವುದನ್ನು ಆರಿಸುವುದು ಎಂಬುದು ಆ ಹೊತ್ತಿಗೆ ಯಾವುದು ಸಿಗುತ್ತದೆ, ಖರ್ಚೆಷ್ಟು, ಬಿಪಿ ತಡೆಯುತ್ತದೆಯೇ ಎಂಬುದರ ಮೇಲೆ. ಪ್ಲಾಸ್ಮಾ ಮಾಡಿಸಿದ್ದರೆ ಈಗ ನಡೆಯುತ್ತಿದ್ದೆ ಎಂಬ ಕೊರಗಿಗೆ ಆಧಾರವಿಲ್ಲ. ಈಗ, ಏಳನೇ ತಿಂಗಳಲ್ಲಿ, ಇನ್ನೊಂದು ಕೋರ್ಸ್ ಐವಿಐಜಿ ಹಾಕಿಸಿದರೆ ಪಾದ ಬಂದೀತು ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ. ಆ ಔಷಧ ಪ್ರತಿಕಾಯಗಳ ದಾಳಿಯ ದಿನಗಳಿಗೆ. ದಾಳಿ ಮುಗಿದಿದೆ, ಈಗ ನಡೆಯುತ್ತಿರುವುದು ರಿಪೇರಿ. ಸ್ಟೀರಾಯ್ಡ್ ಮಾತ್ರೆಯಂತೂ ಜಿಬಿಎಸ್‌ಗೆ ಉಪಯೋಗವಿಲ್ಲ.

ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್‌ನಂಥ ಮಾತ್ರೆಗಳನ್ನು ಒಬ್ಬರದು ಒಬ್ಬರು ತೆಗೆದುಕೊಳ್ಳುವುದು ಇಂಥ ಸ್ನೇಹಗಳಲ್ಲಿ ಆಗಾಗ ನಡೆಯುತ್ತದೆ. ತಲೆಸುತ್ತು, ಮಂಪರು ಬಂದು ಬಾತ್‌ರೂಮಿನಲ್ಲಿ ಬೀಳುವುದು ಹೀಗೆಯೇ. ಒಮ್ಮೆಲೇ ನಿಲ್ಲಿಸುವುದೂ ತಪ್ಪು, ಮೆಲ್ಲಗೆ ಇಳಿಸಬೇಕು. ನರಕ್ಕೆ ಒಳ್ಳೆಯದು ಎಂದು ಯಾರಾದರೂ ಭಸ್ಮದ ಔಷಧ ತಂದುಕೊಟ್ಟರೆ ಮುಟ್ಟುವ ಮೊದಲು ನಿಮ್ಮ ನರರೋಗ ವೈದ್ಯರಿಗೆ ತೋರಿಸಿ. ಇಂಥವುಗಳಲ್ಲಿ ಕೆಲವಕ್ಕೆ ಭಾರಲೋಹ ಸೇರಿರುತ್ತದೆ. ಆರ್ಸೆನಿಕ್ ತಾನೇ ನರ ಕೆಡಿಸುವ ವಸ್ತು; ಅದರ ವಿಷದ ಲಕ್ಷಣ ಜಿಬಿಎಸ್‌ನಂತೆಯೇ ಕಾಣುವುದುಂಟು. ನೀವು ಸಸ್ಯಾಹಾರಿಯಾಗಿದ್ದರೆ ಒಮ್ಮೆ ಬಿ12 ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ತುಂಬಿಕೊಳ್ಳಬೇಕು, ಸರಿಯಿದ್ದರೆ ಎಷ್ಟು ಇಂಜೆಕ್ಷನ್ ಚುಚ್ಚಿದರೂ ಜಿಬಿಎಸ್ ಬೇಗ ವಾಸಿಯಾಗದು.

ವ್ಯಾಯಾಮದಲ್ಲಿ ಆಗುವ ಅನಾಹುತ ಇನ್ನೂ ಸಾಮಾನ್ಯ. ಅಣ್ಣ ದಿನಾ ಒಂದು ಗಂಟೆ ಬಿಡದೆ ಮಾಡಿದ್ದರಿಂದಲೇ ಎದ್ದೆ ಎನ್ನಬಹುದು. ಅವರ ನರಕ್ಕೆ ಆಗ ಅಷ್ಟು ತಾಕತ್ತಿತ್ತು. ಅರೆಬರೆ ನರ ಸಿಕ್ಕಿದ ಸ್ನಾಯುವನ್ನು ದಣಿಸಿದರೆ ಅದು ಬೆಳೆಯುವುದರ ಬದಲು ಸೋಲುತ್ತದೆ. 15ರಿಂದ 20 ನಿಮಿಷದ ಎರಡು ಮೂರು ಸರದಿ, ನಡುವೆ ವಿಶ್ರಾಂತಿ. ಸೊನ್ನೆಯಿಂದ ಹತ್ತರವರೆಗೆ ಶ್ರಮ ಅಳೆದರೆ ಮೂರು ನಾಲ್ಕರಲ್ಲಿ ನಿಲ್ಲಿಸಿ. ಮರುದಿನ ಬೆಳಿಗ್ಗೆಯೂ ಸೋಲು, ನೋವು ಉಳಿದಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತೆಂದೇ ಅರ್ಥ. ಮುಂದಿನ ಸಲ ಅರ್ಧಕ್ಕೆ ಇಳಿಸಿ. ನೆಲದ ಸೆಳೆತಕ್ಕೆ ಎದುರಾಗಿ ಎತ್ತಲಾಗದ ಪಾದಕ್ಕೆ ಮರಳಿನ ಚೀಲ, ರಬ್ಬರ್ ಪಟ್ಟಿ ಕಟ್ಟುವುದಂತೂ ಬೇಡವೇ ಬೇಡ. ಅದಕ್ಕೆ ಈಗ ಬೇಕಾದದ್ದು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗದಂತೆ ದಿನಾ ಎಳೆತ, ರಾತ್ರಿ ಸ್ಪ್ಲಿಂಟ್. ಸ್ಪ್ಲಿಂಟನ್ನು ಅಣ್ಣನ ಹತ್ತಿರ ಇಸಿದುಕೊಳ್ಳಬೇಡಿ. ಅದು ಕಾಲಿನ ಅಳತೆಗೆ ಮಾಡಿದ್ದು, ಸ್ಪರ್ಶ ಮಂದವಿರುವ ಪಾದಕ್ಕೆ ಒತ್ತಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಎಂಟು ಒಂಬತ್ತು ತಿಂಗಳಿಗೂ ಪಾದದಲ್ಲಿ ಏನೂ ಚಲನೆ ಕಾಣದಿದ್ದರೆ ನಿಮ್ಹಾನ್ಸ್‌ನಂಥ, ನರರೋಗ ಪುನರ್ವಸತಿ ವಿಭಾಗವಿರುವ ಕಡೆ ಮತ್ತೊಮ್ಮೆ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸಿ ಮುಂದಿನ ದಾರಿ ಕೇಳಿ.

ಈಗ ಆ ಹುಡುಗನ ಭೇಟಿ. ಹೋಗಿ ಬನ್ನಿ, ಆದರೆ ಹುಡುಗನ ತಂದೆತಾಯಿ ಒಪ್ಪಿ, ಐಸಿಯು ವೈದ್ಯರು ಒಪ್ಪಿದ ಮೇಲೆ. ನಿಮಗಾಗಲಿ ಅಣ್ಣನಿಗಾಗಲಿ ನೆಗಡಿ, ಕೆಮ್ಮು, ಭೇದಿ ಇದ್ದರೆ ಆ ವಾರ ಹೋಗಬೇಡಿ, ವೆಂಟಿಲೇಟರಿನಲ್ಲಿರುವವರಿಗೆ ನ್ಯುಮೋನಿಯಾ ದೊಡ್ಡ ಶತ್ರು. ಫಿಸಿಯೋ ಇಲ್ಲದ ದಿನ ಹೋಗಿ, ಕೂರಲು ಕುರ್ಚಿ ಮೊದಲೇ ಕೇಳಿ. ಹತ್ತು ನಿಮಿಷ ಸಾಕು, ಒಬ್ಬರಾದ ಮೇಲೆ ಒಬ್ಬರು. ಒಂದು ಎಚ್ಚರಿಕೆ ನಿಮಗೇ: ಮಾನಿಟರಿನ ಬೀಪ್, ಸ್ಪಿರಿಟ್ಟಿನ ವಾಸನೆ ನಿಮ್ಮನ್ನು ಏಳು ತಿಂಗಳ ಹಿಂದಕ್ಕೆ ಎಳೆಯಬಹುದು. ಎದೆ ಬಡಿತ ಏರಿದರೆ, ಬೆವರಿದರೆ ಆಚೆ ಬಂದು ಕೂತುಬಿಡಿ, ಅಣ್ಣ ಮುಂದುವರಿಸಲಿ. ಈ ಸಲ ಬಾಗಿಲಿಂದಾಚೆಯೇ ಉಳಿದು ಆ ತಾಯಿಯ ಜೊತೆ ಮಾತಾಡಿ ಬಂದರೂ ಭೇಟಿ ವ್ಯರ್ಥವಲ್ಲ.

ಹುಡುಗನ ಕಣ್ಣಿಗೆ ಬೀಳುವ ಕಡೆ ನಿಂತು ಹೆಸರು ಹೇಳಿ, ಇಂದು ಯಾವ ವಾರ, ಎಷ್ಟು ಗಂಟೆ ಎಂದು ಹೇಳಿ. ಮುಟ್ಟುವ ಮುಂಚೆ ಕೇಳಿ. ಜಿಬಿಎಸ್‌ನಲ್ಲಿ ಹೊದಿಕೆಯ ಭಾರವೂ ಉರಿಯಂತೆ ನೋಯುವುದುಂಟು, ನಿಮಗೆ ಗೊತ್ತಿಲ್ಲದ್ದಲ್ಲ. ನಿನಗೆ ಎಲ್ಲ ಕೇಳಿಸುತ್ತಿದೆ ಅಂತ ನನಗೆ ಗೊತ್ತು, ನನಗೂ ಹೀಗೇ ಆಗಿತ್ತು, ಉಸಿರು ವಾಪಸ್ಸು ಬಂತು, ಈಗ ವಾಕರ್ ಹಿಡಿದು ಬಂದಿದ್ದೇನೆ. ಇಷ್ಟರಲ್ಲಿ ಸುಳ್ಳಿಲ್ಲ, ಗಡುವೂ ಇಲ್ಲ. ಎಷ್ಟು ದಿನಕ್ಕೆ ಎಂದು ಹೇಳಬೇಡಿ, ಅಣ್ಣನಿಗೂ ಹೇಳದಂತೆ ಮೊದಲೇ ತಾಕೀತು ಮಾಡಿ. ಅವನ ಪಾಲಿಗೆ ನಿಮ್ಮ ವಾಕರ್ ಒಳ್ಳೆಯ ಸಾಕ್ಷಿ. ಏನೂ ಆಗದವರಂತೆ ನಡೆದು ಬರುವ ಅಣ್ಣನನ್ನು ನಂಬುವುದಕ್ಕಿಂತ ನಿಮ್ಮನ್ನು ನಂಬುವುದು ಅವನಿಗೆ ಸುಲಭ. ಮನೆಯವರೆದುರು ಖರ್ಚೆಷ್ಟಾಯಿತು, ಆ ಆಸ್ಪತ್ರೆಗೆ ಹೋಗಬೇಕಿತ್ತು ಎಂಬ ಮಾತು ಎತ್ತಬೇಡಿ. ಎಲ್ಲರೂ ಉಳಿಯುವ ಕಾಯಿಲೆ ಇದಲ್ಲ, ನೂರಕ್ಕೆ ಸುಮಾರು ಐವರು ಸಾಯುತ್ತಾರೆ, ವೆಂಟಿಲೇಟರಿನಲ್ಲಿರುವವರಿಗೆ ಅಪಾಯ ಅದಕ್ಕಿಂತ ಹೆಚ್ಚು. ಆದ್ದರಿಂದ 'ಖಂಡಿತ ಏನೂ ಆಗಲ್ಲ' ಎಂದು ಆ ತಾಯಿಗೆ ಮಾತು ಕೊಡಬೇಡಿ.

ಮಾತಿಗಿಂತ ಉಪಯೋಗದ ಉಡುಗೊರೆ ಒಂದಿದೆ, ಅಕ್ಷರದ ಹಲಗೆ. ಮೊದಲು ಹೌದು, ಅಲ್ಲಗಳನ್ನು ಗೊತ್ತುಮಾಡಿಕೊಳ್ಳಿ: ಕಣ್ಣು ಮೇಲಕ್ಕೆ ಹೋದರೆ ಹೌದು, ಪಕ್ಕಕ್ಕೆ ಹೋದರೆ ಅಲ್ಲ. ರೆಪ್ಪೆ ಮುಚ್ಚುವುದನ್ನು ಸಂಕೇತ ಮಾಡಿಕೊಳ್ಳಬೇಡಿ, ಜಿಬಿಎಸ್‌ನಲ್ಲಿ ಮುಖದ ಸ್ನಾಯು ಸೋತು ರೆಪ್ಪೆ ಮುಚ್ಚಲಾಗದವರು ಬಹಳ. ಕಣ್ಣೂ ಆಡದಿದ್ದರೆ ಆಡುವ ಯಾವ ಬೆರಳಾದರೂ ಸರಿ. ಹಲಗೆಯ ಮೇಲ್ಭಾಗದಲ್ಲಿ ದಿನಾ ಬೇಕಾಗುವ ಎಂಟು ಮಾತು ಬರೆಯಿರಿ: ಕಫ ತೆಗೆಯಿರಿ, ಮಗ್ಗುಲು ಬದಲಿಸಿ, ನೋವು, ತುರಿಕೆ, ಸೆಕೆ, ಚಳಿ, ಭಯ, ಟೈಮೆಷ್ಟು. ಕೆಳಗೆ ಅಕ್ಷರಗಳು. ನಮ್ಮ ವರ್ಣಮಾಲೆ ಮೊದಲೇ ವರ್ಗವರ್ಗವಾಗಿ ಜೋಡಿಸಿರುವುದರಿಂದ ಕೆಲಸ ಸುಲಭ. ಮೊದಲ ಸಾಲು ಸ್ವರಗಳು, ಎರಡನೆಯದು ಕ ಗ, ಮೂರು ಚ ಜ, ನಾಲ್ಕು ಟ ಡ ಣ, ಐದು ತ ದ ನ, ಆರು ಪ ಬ ಮ, ಏಳು ಯ ರ ಲ ವ, ಎಂಟು ಶ ಸ ಹ ಳ. ಮಹಾಪ್ರಾಣ ಬೇಡ, ಕಾಗುಣಿತ ಬೇಡ, ಒತ್ತಕ್ಷರ ಬೇಡ. ಪಕ್ಕದಲ್ಲಿರುವವರು ಸಾಲಿನ ಸಂಖ್ಯೆ ಒಂದೊಂದಾಗಿ ಹೇಳುತ್ತಾ ಹೋಗಬೇಕು, ಹುಡುಗ ಹೌದು ಎಂದಲ್ಲಿ ನಿಂತು ಆ ಸಾಲಿನ ಅಕ್ಷರಗಳನ್ನು ಓದಬೇಕು. ನ, ರ ಎಂದು ಬಂದರೆ ನೀರು. ನ, ವ ಎಂದರೆ ನೋವು. ಬ, ನ ಎಂದರೆ ಬೆನ್ನು. ಎರಡು ಅಕ್ಷರಕ್ಕೇ ಊಹಿಸಿ ಕೇಳಿಬಿಡಿ, ಪೂರ್ತಿ ಪದಕ್ಕೆ ಕಾಯಿಸಿ ದಣಿಸಬೇಡಿ. ಎ4 ಹಾಳೆಗಿಂತ ದೊಡ್ಡದರಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ, ಒರೆಸಲು ಬರುತ್ತದೆ. ನರ್ಸ್‌ಗಳಿಗೂ ತೋರಿಸಿಕೊಡಿ. ಕನ್ನಡ ಓದಲು ಬಾರದ ನರ್ಸ್ ಇದ್ದರೆ ಅವರ ಪಾಳಿಗೆ ಮೇಲಿನ ಎಂಟು ಮಾತಿಗೆ ಚಿತ್ರವೂ ಇರಲಿ.

ನಿಮ್ಮ ಫೋನಿನ ವಿಷಯಕ್ಕೆ ಬಂದರೆ, ರಾತ್ರಿ ಮಲಗುವ ಮುಂಚಿನ ಹೊತ್ತು ಬಿಟ್ಟು ಸಂಜೆಗೆ ಇಟ್ಟುಕೊಳ್ಳಿ. ಅಣ್ಣನಿಗೂ ಈ ಕಾಯಿಲೆಯ ಮಾತು ಸಾಕೆನಿಸುವ ದಿನಗಳಿರುತ್ತವೆ, ಹೂವಿನ ಹಬ್ಬದ ಸೀಸನ್ನಿನಲ್ಲಿ ಅವರು ಎತ್ತದಿದ್ದರೆ ಅಪಾರ್ಥ ಮಾಡಿಕೊಳ್ಳಬೇಡಿ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು, ನಿದ್ದೆಯಿಲ್ಲ, ಐಸಿಯು ಮತ್ತೆ ಮತ್ತೆ ಕಣ್ಣಮುಂದೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ, ಇವು ಬಂದರೆ ಅಣ್ಣನ ಫೋನ್ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಗೆಯೇ ಇಬ್ಬರಲ್ಲಿ ಯಾರಿಗಾದರೂ ಬಂದಿದ್ದ ಬಲ ಮತ್ತೆ ಇಳಿಯತೊಡಗಿದರೆ, ಎರಡೂ ಕಾಲಿಗೆ ಹೊಸದಾಗಿ ಜೋಮು ಹತ್ತಿದರೆ, ನುಂಗಲು ಅಥವಾ ಉಸಿರಿಗೆ ಕಷ್ಟವಾದರೆ ಮೊದಲ ಫೋನ್ ಒಬ್ಬರಿಗೊಬ್ಬರು ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಜಿಬಿಎಸ್ ಮರುಕಳಿಸುವುದು ನೂರಕ್ಕೆ ಎರಡರಿಂದ ಐದು ಮಂದಿಗೆ ಮಾತ್ರ. ಇನ್ನು ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಮೊದಲು ಜಿಬಿಎಸ್ ಎಂದುಕೊಂಡದ್ದು ಜಿಬಿಎಸ್ ಆಗಿರದೆ ಸಿಐಡಿಪಿ ಎಂಬ ದೀರ್ಘಕಾಲದ ಕಾಯಿಲೆ ಎಂದು ಆಮೇಲೆ ತಿಳಿಯುತ್ತದೆ, ಅದರ ಚಿಕಿತ್ಸೆ ಬೇರೆ.

ಲಸಿಕೆಯ ಬಗ್ಗೆ ಅಣ್ಣ ಹೇಳಿದ್ದು ಪೂರ್ತಿ ಸರಿಯಲ್ಲ. ಜಿಬಿಎಸ್ ಆದವರು ಜೀವಮಾನವಿಡೀ ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳಬಾರದೆಂಬ ನಿಯಮವಿಲ್ಲ. ನಿಮಗಿನ್ನೂ ಒಂದು ವರ್ಷ ತುಂಬಿಲ್ಲವಾದ್ದರಿಂದ ತುರ್ತಿಲ್ಲದ್ದನ್ನು ಹಾಕಿಸುವ ಮುಂಚೆ ನರರೋಗ ವೈದ್ಯರನ್ನು ಕೇಳಿ. ಯಾವುದಾದರೂ ಲಸಿಕೆ ಹಾಕಿಸಿದ ಕೆಲವೇ ವಾರದಲ್ಲಿ ಕಾಯಿಲೆ ಶುರುವಾಗಿದ್ದರೆ ಆ ಲಸಿಕೆಯ ಬಗ್ಗೆ ಮಾತ್ರ ವಿಶೇಷವಾಗಿ ಯೋಚಿಸಬೇಕು. ನಿಮ್ಮದು ಭೇದಿಯಿಂದ ಶುರುವಾದದ್ದು. ನಾಯಿ ಕಚ್ಚಿದರೆ ರೇಬೀಸ್ ಲಸಿಕೆಗೆ ಒಂದು ದಿನವೂ ತಡಮಾಡಬೇಡಿ.